ಕಿತ್ತಳೆ ಫೋಲ್ಡರ್

ನನ್ನ ಗಂಡ ಯಶಸ್‌ಗೆ ಒಂದು ಹುಚ್ಚಿದೆ. ಆಯುಧಪೂಜೆಗೆ ಜನ ಗಾಡಿ ತೊಳೆದರೆ ಇವನು ಕಂಪ್ಯೂಟರನ್ನು ಪೂರ್ತಿ ಅಳಿಸಿ ಹೊಸದಾಗಿ ಲಿನಕ್ಸ್ ಹಾಕುತ್ತಾನೆ. ಮಿಹಾನ್ ಐಟಿ ಪಾರ್ಕಿನ ಆಫೀಸಿನಲ್ಲಿ ವಾರವಿಡೀ ಮಾಡುವುದೂ ಇಂಥದ್ದೇ ಕೆಲಸ, ರಜೆಯಲ್ಲೂ ಅದೇ ಗೋಳು. ಬಜಾಜ್ ನಗರದ ನಮ್ಮ ಬಾಡಿಗೆ ಮನೆಯ ಕೆಳಗೆ ಓನರ್ ಕಾಕಾ, ಆಯುಧಪೂಜೆಗೆ ಇಲ್ಲಿನವರು ಹೇಳುವ ಖಂಡೆ ನವಮಿ ಎಂದು, ಬೈಕಿಗೆ ಪೈಪು ಹಿಡಿದಿದ್ದರು. ಮೇಲೆ ಇವನು ಹಾಲ್‌ನ ಮೂಲೆಯಲ್ಲಿರುವ ಹಳೇ ಕಂಪ್ಯೂಟರಿನ ಮುಂದೆ ಬೆಳಿಗ್ಗೆಯಿಂದ ಕೂತಿದ್ದ. ಅಳಿಸುವ ಮೊದಲು ನನ್ನನ್ನು ಕೇಳಿದ, ಫೋಟೋಗಳೆಲ್ಲ ನಿನ್ನ ಲ್ಯಾಪ್‌ಟಾಪಿನಲ್ಲೇ ಇವೆ ತಾನೆ ಎಂದು. ನಾನು ಫೋಲ್ಡರ್ ತೆರೆದು ನೋಡಿದೆ. ಎಲ್ಲವೂ ಇದ್ದವು. ಬರೋಬರ್ ಇದೆ, ನಿನ್ನ ಕೆಲಸ ನೋಡು ಎಂದೆ.

ಆ ಫೋಟೋಗಳೇ ನನ್ನ ಪಿಎಚ್‌ಡಿ. ಊರ ಹೊರಗಿನ ಹಿಂಗಣಾದ ಆಚೆ ಒಂದು ತೋಟದಲ್ಲಿ ರೋಗ ತಗುಲಿದ ಕಿತ್ತಳೆ ಗಿಡಗಳು ಹೇಗೆ ಸಾಯುತ್ತವೆ ಎಂದು ಮೂರು ವರ್ಷ ನೋಡಿದ್ದೇನೆ. ವಾರ ವಾರವೂ ಅದೇ ಗಿಡ, ಅದೇ ಕೊಂಬೆ. ಈ ಊರಿನ ಮೇ ತಿಂಗಳ ಉರಿಬಿಸಿಲಲ್ಲಿ ತಲೆಗೆ ಒದ್ದೆ ದುಪಟ್ಟಾ ಸುತ್ತಿಕೊಂಡು ಎಲೆಗಳ ಮುಂದೆ ಕುಕ್ಕುರುಗಾಲಲ್ಲಿ ಕೂತವಳು ನಾನು. ಕೊನೆಗೆ ರೋಗ ಪಕ್ಕದ ತೋಟಗಳಿಗೆ ಹರಡಬಾರದೆಂದು ಆ ಗಿಡಗಳನ್ನು ಬುಡಸಮೇತ ಕಿತ್ತು ಸುಟ್ಟರು. ಈಗ ಅವು ಇರುವುದು ‘ಕಿತ್ತಳೆ’ ಎಂಬ ಫೋಲ್ಡರಿನಲ್ಲಿ ಮಾತ್ರ. ಹಬ್ಬ ಮುಗಿದ ಕೂಡಲೇ ನನ್ನ ಗೈಡ್ ನರಹರಿ ಸರ್ ಮುಂದೆ ಎಲ್ಲವನ್ನೂ ಜೋಡಿಸಿ ತೋರಿಸಬೇಕಿತ್ತು.

ಊಟವಾದ ಮೇಲೆ ಆ ಕೆಲಸಕ್ಕೆ ಕೂತೆ. ‘ಕಿತ್ತಳೆ’ ಮೇಲೆ ಒತ್ತಿದೆ, ಕಿಟಕಿ ಬೆಳ್ಳಗಾಯಿತು. ಬಾಣದ ಗುರುತು ಸುತ್ತುತ್ತಲೇ ಇತ್ತು. ‘ಪ್ರತಿಕ್ರಿಯಿಸುತ್ತಿಲ್ಲ, ಕಾಯುವಿರಾ, ಮುಚ್ಚುವಿರಾ’ ಎಂದು ಕೇಳಿತು. ಮುಚ್ಚು ಎಂದೆ. ಮತ್ತೆ ತೆರೆದೆ. ಮತ್ತೆ ಅದೇ ಬಿಳಿ. ಬ್ರೌಸರ್ ಓಡುತ್ತಿತ್ತು, ಥೀಸಿಸ್ ಬರೆದ ಕಡತವೂ ತೆರೆದೇ ಇತ್ತು. ಹಾಳಾದ್ದು, ಫೋಲ್ಡರ್ ತೆರೆದು ತೋರಿಸುವ ಫೈಲ್ ಮ್ಯಾನೇಜರ್ ಒಂದೇ ಕೈಕಾಲು ಬಿಟ್ಟು ಕೂತಿತ್ತು.

ಯಶಸ್‌ನನ್ನು ಕೂಗಿದೆ. ಬಂದವನೇ ಆಜ್ಞೆ ಬರೆಯುವ ಕಪ್ಪು ಕಿಟಕಿ ತೆರೆದು ಏನೇನೋ ಬರೆದ. ನಾನು ರೀಸ್ಟಾರ್ಟ್ ಮಾಡು ಎಂದೆ. ಅದು ವಿಂಡೋಸ್‌ನವರ ರೋಗ ಎಂದು ನಕ್ಕ. ಫೈಲ್ ಮ್ಯಾನೇಜರನ್ನು ಬಲವಂತವಾಗಿ ಕೊಲ್ಲುವ ಆಜ್ಞೆ ಕೊಟ್ಟ. ಅದು ಸಾಯಲಿಲ್ಲ. ಇನ್ನೊಮ್ಮೆ ಕೊಟ್ಟ, ಆಗಲೂ ಇಲ್ಲ. ಅದು ಯಾವುದಕ್ಕೋ ಕಾಯ್ತಾ ಕೂತಿದೆ, ಅದು ಸಿಗೋವರೆಗೆ ಸಾಯಲ್ಲ ಎಂದ. ಯಾವುದಕ್ಕೆ ಕಾಯುತ್ತಿದೆಯೋ ಅದನ್ನೇ ಕೊಟ್ಟು ತೊಲಗಿಸು ಎಂದು ರೇಗಿದೆ. ಡಿಸ್ಕಿನಲ್ಲಿ ಎಷ್ಟು ಜಾಗವಿದೆ ಎಂದು ಕೇಳಿ ನೋಡಿದ. ಆ ಪ್ರಶ್ನೆಯೂ ಉತ್ತರವಿಲ್ಲದೆ ನಿಂತುಬಿಟ್ಟಿತು.

ಆಮೇಲೆ ಯಾವ ಫೋಲ್ಡರ್ ಎಲ್ಲಿಂದ ಬರುತ್ತದೆ ಎಂಬ ಒಂದು ಸಣ್ಣ ಪಟ್ಟಿ ತೆಗೆದು ಓದತೊಡಗಿದ. ಓದುತ್ತ ಓದುತ್ತ ಅವನ ನಗು ನಿಂತಿತು. ಏನಾಯಿತೆಂದು ಕೇಳಿದೆ. ಭುಜ ಹಿಡಿದು ಅಲುಗಾಡಿಸಿದೆ.

“ಕಿತ್ತಳೆ ಫೋಲ್ಡರ್ ಇಲ್ಲಿಲ್ಲ ಮೃದುಲಾ,” ಎಂದ. “ಅದು ಹಾಲ್‌ನ ಕಂಪ್ಯೂಟರಲ್ಲಿತ್ತು. ಇಲ್ಲಿ ಬರೀ ಕಾಣಿಸ್ತಿತ್ತು.”

ನನಗೆ ಅರ್ಥವಾಗಲಿಲ್ಲ. ಬೆಳಿಗ್ಗೆ ಕಣ್ಣಾರೆ ನೋಡಿದ್ದೇನಲ್ಲ ಎಂದೆ. ಅವನು ನೆಲ ನೋಡುತ್ತ ಹೇಳಿದ. ಎರಡು ವರ್ಷದ ಹಿಂದೆ ಲ್ಯಾಪ್‌ಟಾಪ್ ತುಂಬಿಹೋಗಿದೆ ಎಂದು ನಾನು ಪ್ರಾಣ ತಿಂದಿದ್ದೆ. ಆಗ ಅವನು ಫೋಟೋಗಳನ್ನೆಲ್ಲ ಹಳೇ ಕಂಪ್ಯೂಟರಿಗೆ ಸಾಗಿಸಿ, ಮನೆಯ ವೈಫೈ ಮೂಲಕ ನನ್ನ ಪರದೆಯಲ್ಲಿ ಇದ್ದ ಜಾಗದಲ್ಲೇ ಇದ್ದ ಹಾಗೆ ಕಾಣುವಂತೆ ಮಾಡಿದ್ದ. ನಿನಗೆ ಗೊತ್ತೇ ಆಗಲ್ಲ ನೋಡು ಎಂದು ಜಂಬಪಟ್ಟಿದ್ದ. ನಿಜಕ್ಕೂ ಗೊತ್ತಾಗಿರಲಿಲ್ಲ; ಆಮೇಲೆ ನಾನು ತೆಗೆದ ಫೋಟೋಗಳೂ ಅಲ್ಲಿಗೇ ಹೋಗಿದ್ದವು. ಅಷ್ಟು ಚೆನ್ನಾಗಿ ಮಾಡಿದ್ದ, ಮಾಡಿದವನೇ ಮರೆಯುವಷ್ಟು. ಹಾಲ್‌ನಲ್ಲಿ ಇರುವುದು ಹೆಚ್ಚುವರಿ ಕಾಪಿ ಎಂದುಕೊಂಡು ಅಳಿಸಿದ್ದ.

ಅಳಿಸಿದ್ದನ್ನು ವಾಪಸ್ ತೆಗೆಯುವ ಸಾಫ್ಟ್‌ವೇರ್ ಇರುತ್ತದಲ್ಲ, ಜಲ್ದಿ ಹಾಕು ಎಂದೆ. ಅವನು ಆಗದೆಂದು ತಲೆಯಾಡಿಸಿದ. ಹಬ್ಬಕ್ಕೆ ಶುದ್ಧವಾಗಲಿ ಎಂದು ಹಳೆಯದೇನೂ ಉಳಿಯದಂತೆ ಡಿಸ್ಕಿನ ತುದಿಯಿಂದ ತುದಿಗೆ ಸೊನ್ನೆ ಬರೆಸಿದ್ದನಂತೆ. ಕ್ಯಾಮೆರಾದಲ್ಲಿದ್ದುದು ಒಂದೇ ಕಾರ್ಡು. ಅದನ್ನು ವಾರ ವಾರ ನಾನೇ ಖಾಲಿ ಮಾಡುತ್ತಿದ್ದೆ.

ಅವನು ಕೊನೆಯದಾಗಿ ಒಂದು ಆಜ್ಞೆ ಬರೆದು ಹಾಲ್‌ನ ಕಂಪ್ಯೂಟರಿಗೆ ಕಾಯುತ್ತಿದ್ದ ಆ ಸಂಪರ್ಕವನ್ನು ಕಳಚಿದ. ತಕ್ಷಣ ಫೈಲ್ ಮ್ಯಾನೇಜರಿಗೆ ಜೀವ ಬಂತು. ‘ಕಿತ್ತಳೆ’ ಒತ್ತಿದೆ, ಒಂದು ಕ್ಷಣವೂ ತಡಮಾಡದೆ ತೆರೆಯಿತು. ಒಳಗೆ ಏನೂ ಇರಲಿಲ್ಲ. ಮುಚ್ಚಿದೆ, ಮತ್ತೆ ತೆರೆದೆ. ಹೀಗೆ ಎಷ್ಟು ಸಲ ಮಾಡಿದೆನೋ, ಅವನು ನನ್ನ ಕೈ ಹಿಡಿದು ನಿಲ್ಲಿಸಿದ.

ನಾನು ಉಪ್ಪು ಕಡಿಮೆಯಾದರೂ ಕೂಗಾಡುವವಳು. ಆಗ ಕೋಪ ಬರಲಿಲ್ಲ. ಬಂದಿದ್ದರೆ ಬದುಕಿಕೊಳ್ಳುತ್ತಿದ್ದೆ. ಯಶಸ್ ಅಳುತ್ತಿದ್ದ. ರಜಾ ಹಾಕ್ತೀನಿ, ತೋಟಕ್ಕೆ ನಾನೂ ಬರ್ತೀನಿ, ಇಬ್ಬರೂ ಸೇರಿ ಎಲ್ಲಾ ಫೋಟೋ ಮತ್ತೆ ತೆಗೆಯೋಣ ಎಂದು ಹೇಳಿದ್ದನ್ನೇ ಹೇಳುತ್ತಿದ್ದ.

“ಏನನ್ನ ತೆಗೆಯೋಣ?” ಎಂದೆ.

ಅವನು ನನ್ನ ಕೈ ಬಿಟ್ಟ.