ಪೊರೆ ಬಂದು ಓಯ್ತು

ತಪ್ಪಾದರೆ ಕ್ಷಮಿಸಿ ಸಾರ್, ಇದು ನಾನು ಹೇಳುವ ಮಾತಲ್ಲ — ಮೂರು ತಿಂಗಳ ಹಿಂದೆ ಡಾಕ್ಟರ ಮುಂದೆ ಹೀಗೆ ಬಾಯಿಬಿಟ್ಟದ್ದು ನೆನಪಾಗಿ ಸ್ಕ್ಯಾನ್ ಮಾಡುವ ಕೆಂಪಾಜಮ್ಮನಿಗೆ ಈಗಲೂ ಬೆವರುತ್ತದೆ, ಸ್ಕ್ಯಾನಿಂಗ್ ಕೋಣೆಯ ಬಾಗಿಲಲ್ಲಿ ಮುಳ್ಳೂರಿನ ಶಿವಮಲ್ಲಪ್ಪ ನಿಂತಿದ್ದಾರೆ, ಕುತ್ತಿಗೆಯ ಬಲಕ್ಕೆ ಹೊಲಿಗೆಯ ಗೆರೆ, ಎಡಗಣ್ಣನ್ನು ಅಂಗೈಯಲ್ಲಿ ಮುಚ್ಚಿ ಬಲಗಣ್ಣಲ್ಲೇ ಬೋರ್ಡು ಓದುತ್ತಿದ್ದಾರೆ, ಚಪ್ಪಲಿ ಹೊರಗೆ ಬಿಡಿ, ನೋಡ್ದೇನವ್ವ, ಒಂದಕ್ಸರಾನೂ ಬುಡ್ನಿಲ್ಲ, ಓದುದ್ದೇನೋ ಸರಿ, ಚಪ್ಲಿ ಕಾಲಲ್ಲೇ ಅವಲ್ಲ ಎಂದು ಹೆಂಡತಿ ಶಿವರತ್ನಮ್ಮ ಹಿಂದಿನಿಂದ ತಿವಿಯುತ್ತಾರೆ, ಕೆಂಪಾಜಮ್ಮನಿಗೆ ನಗು, ಜೆಲ್ ಬಾಟಲಿ ಕೈಗೆತ್ತಿಕೊಳ್ಳುತ್ತಾಳೆ — ಅವತ್ತು ಇವರು ಇದೇ ಮಂಚದ ಮೇಲೆ ಕತ್ತು ಹೊರಳಿಸಿ ಮಲಗಿದ್ದರು, ಬಲಗಣ್ಣಿಗೆ ಪೊರೆ ಬಂದು ಓಯ್ತು ಅಂದದ್ದನ್ನು ಕಣ್ಣಿನ ಕ್ಯಾಂಪಿನವರು ಪೊರೆ ಬಂದು ಕಣ್ಣು ಹೋಯಿತು ಎಂದು ತಿಳಿದು ಆಪರೇಷನ್‌ಗೆ ತಾರೀಖು ಕೊಟ್ಟಿದ್ದರು, ಅದಕ್ಕೆ ಮುಂಚೆ ಎದೆ ತೋರಿಸಲು ಬಂದವರ ಕತ್ತಿನಲ್ಲಿ ಡಾಕ್ಟರಿಗೆ ಸುಯ್ ಎಂದು ಕೇಳಿಸಿ ಸ್ಕ್ಯಾನ್‌ಗೆ ಕಳಿಸಿದ್ದರು, ಮಿದುಳಿಗೆ ರಕ್ತ ಒಯ್ಯುವ ನಾಳ ಪರದೆಯ ಮೇಲೆ ಬಂತು, ಅದರ ಗೋಡೆಗೆ ಅಂಟಿದ ಜಿಡ್ಡು, ಅದರೊಳಗೆ ಕಪ್ಪು, ತೆಳ್ಳನೆ ಬಿಳಿ ಅಂಚಿನೊಳಗೆ ಅಲುಗುವ ಕಪ್ಪು. ಬಿಳಿ ಇದ್ದರೆ ಗಟ್ಟಿ, ಕಪ್ಪಿದ್ದರೆ ಮೆತ್ತಗೆ, ಒಡೆದರೆ ಚೂರು ನೇರ ಮಿದುಳಿಗೆ — ತೊಂಬತ್ತಾರರಲ್ಲಿ ಸ್ಕ್ಯಾನಿಂಗ್ ಕಲಿಸುವ ಸಂಜೆ ಕ್ಲಾಸಿನ ಮೇಷ್ಟ್ರು ಹೇಳಿದ್ದು, ಆದರೆ ಆ ಕ್ಲಾಸಿನಲ್ಲಿ ಅವಳು ತೂಕಡಿಸುತ್ತಿದ್ದಳೇನೋ, ತಿರುಗುಮುರುಗಾಗಿ ಕೇಳಿಸಿಕೊಂಡಳೇನೋ, ಹಗಲೆಲ್ಲ ಅವ್ವನ ಜೊತೆ ಗೂಡಿನಿಂದ ರೇಷ್ಮೆ ನೂಲು ಬಿಚ್ಚಿ ಬಂದ ಕಣ್ಣು — ಅವ್ವ ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದಳು, ಗಲಗಲ ಅಂದರೆ ಒಳ್ಳೆಯದು, ಸದ್ದಿಲ್ಲದಿದ್ದರೆ ಮೇಲೆ ಎಷ್ಟು ಬಿಳುಪಾಗಿದ್ದರೂ ಪಕ್ಕಕ್ಕೆ, ಒಳಗೆ ಉಳ ಕರಗೋಗಿರ್ತದೆ ಕಣವ್ವ, ಬಾಣ್ಲೆಗೆ ಬುಟ್ರೆ ನೀರೆಲ್ಲ ಕೆಟ್ಟೋಯ್ತದೆ. ಮಂಚದ ಮೇಲಿದ್ದವರನ್ನು ಕೇಳಿದಳು, ಅಪ್ಪಾ, ಪೊರೆ ಎಷ್ಟು ಹೊತ್ತಿತ್ತು? ಒಂದ್ ಬೀಡಿ ಸೇದೋಷ್ಟೊತ್ತು ಕಣವ್ವ, ಆಮೇಕೆ ಓಯ್ತು. ಏನು ಹೋಯ್ತು, ಕಣ್ಣಾ? ಕಣ್ ಎಲ್ಗೋದದು, ಪೊರೆ ಓಯ್ತು! — ಬೀಡಿ ಆರುವುದರೊಳಗೆ ಹೋಗುವ ಪೊರೆ ಯಾವ ಕಣ್ಣಲ್ಲಿದೆ, ಇದು ಕಣ್ಣಿನದಲ್ಲ, ಕತ್ತಿನದು, ಜಿಡ್ಡಿನ ಒಂದು ಚೂರು ಆಗಲೇ ಕಣ್ಣಿಗೆ ಹೋಗಿ ಬಂದಿದೆ. ನಾಳ ಕಟ್ಟಿರುವುದು ಅರವತ್ತೇ ಪರ್ಸೆಂಟು, ಮಾತ್ರೆ ಸಾಕು ಎಂದರು ಡಾಕ್ಟರು, ಕ್ಷಮಿಸಿ ಸಾರ್, ಎಷ್ಟು ಕಟ್ಟಿದೆ ಅನ್ನುವುದಲ್ಲ ಮುಖ್ಯ, ಜಿಡ್ಡು ಒಳಗೆ ಕರಗಿದೆ — ಅವರು ಕುರ್ಚಿ ಎಳೆದು ಕೂತರು, ಪರದೆಯನ್ನು ತುಂಬಾ ಹೊತ್ತು ನೋಡಿದರು, ಕೆಂಪಾಜಿ, ಫೋನ್ ಕೊಡಮ್ಮ, ಮೈಸೂರಿಗೆ. ಅಲ್ಲಿ ಕತ್ತಿನ ಆಪರೇಷನ್ ಮಾಡಿದ ಶಸ್ತ್ರವೈದ್ಯರ ಕಾಗದ ಈಗ ಡ್ರಾಯರಿನಲ್ಲಿದೆ, ಮಡಿಕೆ ಹರಿಯುವಷ್ಟು ಓದಿದ್ದಾಳೆ, ಮೇಲ್ಪೊರೆ ಕಾಗದದಂತಿತ್ತು, ಒಳಗೆ ಗಂಜಿ, ನೋಡಿದವರ ಕಣ್ಣಿಗೆ ಶರಣು — ನೋಡಿದವರು, ಅಂದರೆ ಅವಳು, ಅವಳೇ! ಇವತ್ತು ಪರದೆಯಲ್ಲಿ ನಾಳ ತುಂಬ ಕೆಂಪು ಹರಿಯುತ್ತಿದೆ, ಭುಸ್ ಭುಸ್ ಎಂದು ಕೋಣೆಯೆಲ್ಲ ಸದ್ದು, ಇದೇನ್ ಅಕ್ಕಿ ಮಿಲ್ಲವ್ವ, ಅಲ್ಲಪ್ಪಾ, ನೀವೇ, ಅವಳು ಜೋರಾಗಿ ನಗುತ್ತಾಳೆ, ಗೆದ್ದೆ ಕಣವ್ವ ಎಂದು ಸತ್ತ ಅವ್ವನಿಗೆ ಮನಸ್ಸಿನಲ್ಲೇ ಕೂಗುತ್ತಾಳೆ — ಹಾಗೇ ಬಿಟ್ಟಿದ್ದರೆ ಆ ಜಿಡ್ಡು ಆ ವಾರ ಒಡೆಯುತ್ತಿತ್ತೋ, ಎಂದೂ ಒಡೆಯುತ್ತಲೇ ಇರಲಿಲ್ಲವೋ, ಅವಳಿಗೆ ಗೊತ್ತಿಲ್ಲ, ಮೆಷಿನ್ನಿಗೂ ಗೊತ್ತಿಲ್ಲ, ಗೊತ್ತಿರುವುದು ಇಷ್ಟೇ, ತೆಳ್ಳನೆ ಬಿಳಿ ಅಂಚು, ಒಳಗೆ ಕಪ್ಪು, ಒಂದೊಂದು ಬಡಿತಕ್ಕೂ ಸದ್ದಿಲ್ಲದೆ ಅಲುಗುವ ಗೂಡು.