ನಾದಿನಿಯ ಗುಣಗಾನ

ಒಕ್ಕೂಟ ಸರ್ಕಾರದ ಪಿಂಚಣಿ ಇಲಾಖೆಗೆ ಹೊಸ ಸಾಫ್ಟ್‌ವೇರ್ ಮಾಡಿಕೊಡುವ ಟೆಂಡರ್. ಕಂಪನಿಯಲ್ಲಿ ಟೆಂಡರ್ ಬರೆಯುವವಳು ಅತ್ತಿಗೆ. ಗೆದ್ದರೆ ತಂಡದ ಮುಖ್ಯಸ್ಥೆಯಾಗುವವಳು ಅವಳ ನಾದಿನಿ. ಮುಖ್ಯಸ್ಥೆ ಎಂಥವಳೆಂದು ವಿವರವಾಗಿ ಬರೆದು ಕಳಿಸಬೇಕೆಂಬುದು ಇಲಾಖೆಯ ಷರತ್ತು. ಬರೆಯಬೇಕಾದವಳು ಯಾರು? ಅತ್ತಿಗೆಯೇ! ಗಾಯದ ಮೇಲೆ ಬರೆ ಅನ್ನುತ್ತಾರಲ್ಲ, ಇವಳಿಗೆ ಬಂದದ್ದು ಕೂತು ಬರೆಯುವ ಬರೆ.

ನಾದಿನಿಯನ್ನು ಈ ಕಂಪನಿಗೆ ಕರೆತಂದವಳೂ ಅವಳೇ. "ನಮ್ಮ ಮನೆ ಹುಡುಗಿ ಸಾರ್, ಎಲ್ಲಾದ್ರೂ ಒಂದು ಮೂಲೇಲಿ ಕೂರ್ಸಿ" ಎಂದು ಮ್ಯಾನೇಜರ್ ಮುಂದೆ ಹಲ್ಲು ಗಿಂಜಿದ್ದಳು. ಮೂಲೆಯಲ್ಲಿ ಕೂತವಳು ಈಗ ತಲೆಯ ಮೇಲೆ ಕೂರಲು ಹೊರಟಿದ್ದಾಳೆ. ಆ ಕುರ್ಚಿ ಇವತ್ತಲ್ಲ ನಾಳೆ ತನಗೇ ಎಂದು ಅತ್ತಿಗೆ ವರ್ಷಗಟ್ಟಲೆ ಕಾದಿದ್ದಳು. ಹೊಟ್ಟೆಗೆ ಬೆಂಕಿ ಬಿದ್ದಿತ್ತು. ತಣ್ಣೀರಿಗೆ ಆರುವ ಬೆಂಕಿಯಲ್ಲ ಅದು.

ಹೊಗಳಲು ಕೈ ಏಳಲಿಲ್ಲ. ಸರಿ, ಇದ್ದದ್ದನ್ನು ಇದ್ದ ಹಾಗೆ ಬರೆದು ಇವಳ ಬಣ್ಣ ಬಯಲು ಮಾಡುತ್ತೇನೆಂದು ಕೂತಳು. ಮಹಾ ಹಟಮಾರಿ. ಸಾಫ್ಟ್‌ವೇರಿನಲ್ಲಿನ ತಪ್ಪು ಸಿಗುವವರೆಗೆ ಊಟಕ್ಕೆ ಕರೆದರೂ ಏಳುವುದಿಲ್ಲ. ಆಗದ ಕೆಲಸವನ್ನು ಆಗದೆಂದು ಅಧಿಕಾರಿಯ ಮುಖಕ್ಕೇ ಹೇಳುತ್ತಾಳೆ. ಬೇರೆಯವರ ತಪ್ಪು ತಿದ್ದುತ್ತಾಳೆ, ಯಾರದೆಂದು ಮಾತ್ರ ಬಾಯಿ ಬಿಡುವುದಿಲ್ಲ, ಅಷ್ಟು ಗುಟ್ಟು! ಮ್ಯಾನೇಜರ್ ಅವಸರದಲ್ಲಿ ಓದದೆಯೇ ಕಳಿಸಿಬಿಟ್ಟರು.

ಟೆಂಡರ್ ಇವರ ಕಂಪನಿಗೇ ಸಿಕ್ಕಿತು. ಮ್ಯಾನೇಜರ್ ಅತ್ತಿಗೆಯ ಮೇಜಿಗೇ ಓಡಿ ಬಂದರು. "ಇಲಾಖೆಯವ್ರು ಏನಂದ್ರು ಗೊತ್ತಾಮ್ಮ? ಬೇರೆ ಕಂಪನಿಯವ್ರೆಲ್ಲ ದೇವತೆಗಳನ್ನ ಕಳ್ಸಿದ್ರಂತೆ. ಮನುಷ್ಯರನ್ನ ಕಳ್ಸಿದ್ದು ನಾವೊಬ್ರೇ ಅಂತೆ!"

ತೋಡಿದ ಹಳ್ಳಕ್ಕೆ ತೋಡಿದವಳೇ ಬಿದ್ದಿದ್ದಳು. ಅಷ್ಟರಲ್ಲಿ, ಅವಳು ಬರೆದದ್ದನ್ನು ಓದಿದ ನಾದಿನಿ ಕಣ್ಣೊರೆಸಿಕೊಳ್ಳುತ್ತಾ ಬಂದಳು.

"ಅತ್ತಿಗೆ, ನನ್ನನ್ನ ಇಷ್ಟು ಚೆನ್ನಾಗಿ ಯಾರೂ ನೋಡೇ ಇಲ್ಲ. ನಮ್ಮಣ್ಣ ಕೂಡ."

ನೋಡದೆ ಏನು? ಹೊಟ್ಟೆಕಿಚ್ಚಿಗೆ ರೆಪ್ಪೆ ಇರುವುದಿಲ್ಲ.

"ಆಯ್ತು ಬಿಡು," ಎಂದಳು ಅತ್ತಿಗೆ. "ಮುಂದಿನ ಟೆಂಡರಿಗೆ ಮುಖ್ಯಸ್ಥೆ ನಾನಾದ್ರೆ, ನನ್ನ ಬಗ್ಗೆ ನೀನೇ ಬರಿ. ಏನ್ ಬರೀತೀಯ, ಹೇಳು ನೋಡೋಣ."

ನಾದಿನಿ ಯೋಚಿಸಿದಳು. ಪಾಪ, ಪ್ರೀತಿಯಿಂದಲೇ ಯೋಚಿಸಿದಳು.

"ನೀವು... ತುಂಬಾ ಒಳ್ಳೆಯವ್ರು ಅತ್ತಿಗೆ."

"ಆಮೇಲೆ?"

"ಆಮೇಲೆ..." ನಾದಿನಿ ಕಿಟಕಿಯ ಕಡೆ ನೋಡಿದಳು. "ತುಂಬಾನೇ ಒಳ್ಳೆಯವ್ರು."

ಇಷ್ಟು ವರ್ಷ ಒಂದೇ ಮನೆ, ಒಂದೇ ಆಫೀಸು. ಒಂದು ದಿನವೂ ಇವಳಿಗೆ ತನ್ನ ಮೇಲೆ ಹೊಟ್ಟೆ ಉರಿದಿಲ್ಲ ಎಂಬುದು ಅತ್ತಿಗೆಗೆ ಆಗ ತಿಳಿಯಿತು. ಅಯ್ಯೋ, ಅದಕ್ಕೂ ಅವಳ ಹೊಟ್ಟೆ ಉರಿಯಿತು.