ದಕ್ಷಿಣದ ಟಗರಿನ ವೀರ್ಯ

ಬೆಳಿಗ್ಗೆಯಿಂದ ಉನ್ನೂರ್ ಕೊಟ್ಟಿಗೆಗೂ ಅಡುಗೆಮನೆ ಕಿಟಕಿಗೂ ಸುಮ್ಮನೆ ಓಡಾಡುತ್ತಿದ್ದಳು. ದಕ್ಷಿಣದ ಟಗರು ತಳಿ ಕೇಂದ್ರದಿಂದ ವೀರ್ಯ ತರುತ್ತಿದ್ದ ಗಾಡಿ ಘಾಟಿಯ ಹಿಮದಲ್ಲಿ ಸಿಕ್ಕಿಕೊಂಡಿತ್ತು. ಇತ್ತ ಅವಳ ಕುರಿಗಳೆಲ್ಲ ಒಟ್ಟಿಗೇ ಬೆದೆಗೆ ಬಂದಿದ್ದವು. ಹಾಗೆ ಬರಲೆಂದು ಅವಳೇ ಮದ್ದು ಕೊಟ್ಟಿದ್ದಳು. ಇವತ್ತು ತಪ್ಪಿದರೆ ವೀರ್ಯವೂ ಕೆಡುತ್ತದೆ, ಬೆದೆಯೂ ಇಳಿಯುತ್ತದೆ.

ಕೆಲವು ವರ್ಷಗಳ ಹಿಂದೆ ಒಂದು ಕುರಿಗೆ ಮಿದುಳು ಕೊರೆಯುವ ರೋಗ ಬಂತೆಂದು ಸರ್ಕಾರದವರು ಇಡೀ ಮಂದೆಯನ್ನೇ ಕೊಲ್ಲಿಸಿದ್ದರು. ಅಂದಿನಿಂದ ಅಣ್ಣ ಕೆಟಿಲ್ ಕೊಟ್ಟಿಗೆಗೆ ಕಾಲಿಟ್ಟಿರಲಿಲ್ಲ. ಮೀನಿನ ಕಾರ್ಖಾನೆಗೆ ಹೋಗಿಬಂದು ಕಾಫಿ ಹಿಡಿದು ಕೂರುತ್ತಿದ್ದ. ಹೊಸ ಕುರಿ ತಂದವಳು ಉನ್ನೂರ್. ಆ ರೋಗ ಅಂಟದ ಟಗರು ದಕ್ಷಿಣದಲ್ಲಿದೆ, ಆ ಗುಣ ಮರಿಗಳಿಗೂ ಇಳಿಯಬಹುದು ಎಂದು ಕೇಳಿದಾಗಿನಿಂದ ಅವಳ ಮನಸ್ಸು ಒಂದೆಡೆ ನಿಂತಿರಲಿಲ್ಲ.

"ನಮ್ ಟಗರನ್ನೇ ಬಿಡೇ. ಅದಕ್ಕೂ ಮರಿ ಹುಟ್ತಾವೆ," ಅಂದ ಕೆಟಿಲ್, ತಲೆ ಎತ್ತದೆ.

"ಇನ್ನೊಂದ್ಸಲ ಕೊಲ್ಲೋಕ್ ಬಂದ್ರೆ ಬಾಗಿಲು ನೀನ್ ತೆಗೀತೀಯಾ?"

ಅವಳು ಹಿಮಬಂಡಿ ಹತ್ತಿ ಘಾಟಿಗೆ ಹೊರಟೇಬಿಟ್ಟಳು.

ಸಿಕ್ಕಿಬಿದ್ದ ಗಾಡಿಯ ಚಾಲಕ ಕೊಟ್ಟ ಪುಟ್ಟ ಫ್ಲಾಸ್ಕನ್ನು ಅಲುಗಾಡದಂತೆ ಅವಚಿಕೊಂಡು ವಾಪಸಾಗುವಾಗ ಬೆಳಕು ಇಳಿಯುತ್ತಿತ್ತು. ಒಬ್ಬರು ಕುರಿಯ ಹಿಂಭಾಗ ಎತ್ತಿ ಹಿಡಿಯಬೇಕು, ಇನ್ನೊಬ್ಬರು ವೀರ್ಯ ತುಂಬಿದ ಕೊಳವೆ ತೂರಿಸಬೇಕು. ಅವಳೊಬ್ಬಳೇ ಶುರುಮಾಡಿದಳು. ಮೊದಲ ಕುರಿ ಕೊಸರಿಕೊಂಡು ಒದೆಯಿತು; ಒಂದು ಕೊಳವೆ ಹುಲ್ಲಿನ ಪಾಲಾಯಿತು. ಅಳುವುದಕ್ಕೂ ಪುರುಸೊತ್ತಿಲ್ಲದೆ ಮತ್ತೆ ಹಿಡಿಯಹೋದಾಗ ಕೆಟಿಲ್ ಒಳಬಂದ. ಕುರಿಯ ಮುಖ ನೋಡದೆ ಹಿಂಗಾಲು ಎತ್ತಿ ಹಿಡಿದ.

"ಬೇಗ ಮಾಡೇ, ಭಯ ಆಗ್ತಿದೆ."

"ಕುರಿಗಾ?"

"ನಂಗೆ."

ಕೊನೆಯ ಕುರಿಯವರೆಗೂ ಅವನು ಕದಲಲಿಲ್ಲ.

ಮುಂದಿನ ವಾರಗಳು ಇನ್ನೂ ಕಷ್ಟದವು. ಯಾವ ಕುರಿ ಬಾಲ ಅಲ್ಲಾಡಿಸಿದರೂ ಗರ್ಭ ನಿಲ್ಲದೆ ಮತ್ತೆ ಬೆದೆಗೆ ಬಂತೇನೋ ಎಂದು ಅವಳು ಓಡಿಹೋಗಿ ನೋಡುತ್ತಿದ್ದಳು. ಅರ್ಧಕ್ಕಿಂತ ಹೆಚ್ಚು ಕುರಿಗಳು ಮತ್ತೆ ಬೆದೆಗೆ ಬಂದವು. ಅವಕ್ಕೆ ಮನೆಯ ಟಗರನ್ನೇ ಬಿಡಬೇಕಾಯಿತು. ಉಳಿದವು ಮೇ ತಿಂಗಳಲ್ಲಿ ಈದವು. ಮರಿಗಳ ಕಿವಿಚೂರು ಪರೀಕ್ಷೆಗೆ ಹೋಗಿ ಫಲಿತಾಂಶ ಬಂತು: ಐದು ಮರಿಗಳಿಗೆ ಟಗರಿನ ಗುಣ ಇಳಿದಿದೆ, ಆ ರೋಗದ ಭಯ ಹೆಚ್ಚಿಲ್ಲ.

ಐದು ಸಾಕೆಂದ ಕೆಟಿಲ್, ಕೊಟ್ಟಿಗೆಯ ಮೆಟ್ಟಿಲ ಮೇಲೆ ಕೂತು. ಸಾಲದೆಂದಳು ಉನ್ನೂರ್. ಮುಂದಿನ ಚಳಿಗಾಲ ಘಾಟಿ ತೆರೆದಿರುತ್ತದೋ ಇಲ್ಲವೋ ಎಂಬ ಚಿಂತೆ ಆಗಲೇ ಹತ್ತಿತ್ತು.